ಸ್ಪೋರ್ಟ್ಸ್ ಕಾರು ಹಿಡಿತ ತಪ್ಪುವುದೇಕೆ? ತಪ್ಪಿದ ಮೇಲೆ ಮಾಡಬೇಕಾದದ್ದೇನು?

ದುಬಾರಿ ಕಾರೊಂದು ನುಜ್ಜುಗುಜ್ಜಾಗಿ ಬಿದ್ದ ಫೋಟೋ. ಅದರ ಕೆಳಗೆ ನಾಲ್ಕು ಸಾಲಿನ ಬರಹ. ‘ಬ್ರೇಕ್ ಫೇಲ್ ಆಗಿತ್ತು’, ‘ಮಳೆಯಲ್ಲಿ ಕ್ರೂಸ್ ಕಂಟ್ರೋಲ್ ಹಾಕಿದ್ದಕ್ಕೆ ಕಾರು ಹಾರಿಹೋಯಿತು’, ‘ಪೊಲೀಸರು ಬರುವವರೆಗೆ ಗಾಯಾಳುವನ್ನು ಮುಟ್ಟಬೇಡಿ, ಕೇಸು ನಿಮ್ಮ ಮೇಲೇ ಬೀಳುತ್ತದೆ’. ಇಂಥ ಸಂದೇಶಗಳು ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರುತ್ತವೆ. ಇವುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಪೂರ್ತಿ ಸುಳ್ಳು. ಕೊನೆಯದಂತೂ ಜೀವಕ್ಕೇ ಎರವಾಗುವ ಸುಳ್ಳು. ಒಂದೊಂದಾಗಿ ನೋಡೋಣ.

ಪಾಲ್ ವಾಕರ್ ಅಪಘಾತ: ಸಂದೇಶ ಏನು, ಸತ್ಯ ಏನು?

‘ಫಾಸ್ಟ್ ಅಂಡ್ ಫ್ಯೂರಿಯಸ್’ ಚಿತ್ರಗಳ ನಟ ಪಾಲ್ ವಾಕರ್ ತೀರಿಕೊಂಡದ್ದು 2013ರ ನವೆಂಬರ್ 30ರಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅವರೇ ಕಾರು ಓಡಿಸುತ್ತಿದ್ದರು, ರಸ್ತೆಯಲ್ಲಿ ರೇಸ್ ನಡೆಯುತ್ತಿತ್ತು ಎಂಬ ಸಂದೇಶಗಳು ಈಗಲೂ ಹರಿದಾಡುತ್ತವೆ. ಎರಡೂ ಸರಿಯಲ್ಲ. ವಾಕರ್ ಪಕ್ಕದ ಸೀಟಿನಲ್ಲಿದ್ದರು, ಓಡಿಸುತ್ತಿದ್ದವರು ಅವರ ಗೆಳೆಯ. ಇಬ್ಬರೂ ಸತ್ತರು. ರೇಸ್ ನಡೆದದ್ದಕ್ಕೆ ತನಿಖೆಯಲ್ಲಿ ಪುರಾವೆ ಸಿಗಲಿಲ್ಲ. ಮದ್ಯ ಅಥವಾ ಮಾದಕ ವಸ್ತು ಸೇವಿಸಿದ್ದೂ ಕಂಡುಬರಲಿಲ್ಲ.

ಹಾಗಾದರೆ ಆದದ್ದೇನು? ಕಾರು ಪೋರ್ಷೆ ಕರೆರಾ ಜಿಟಿ, 600 ಅಶ್ವಶಕ್ತಿಗೂ ಹೆಚ್ಚಿನ ಎಂಜಿನ್. ರಸ್ತೆಯ ವೇಗಮಿತಿ ಗಂಟೆಗೆ ಸುಮಾರು 72 ಕಿ.ಮೀ. ತನಿಖೆಯ ಪ್ರಕಾರ ಕಾರಿನ ವೇಗ ಸುಮಾರು 130ರಿಂದ 150 ಕಿ.ಮೀ. ಟೈರುಗಳು ಸುಮಾರು ಒಂಬತ್ತು ವರ್ಷ ಹಳೆಯವು. ಹಿಡಿತ ತಪ್ಪಿದ ಕಾರು ಕಂಬಕ್ಕೂ ಮರಗಳಿಗೂ ಬಡಿದು ಹೊತ್ತಿ ಉರಿಯಿತು. ಯಾಂತ್ರಿಕ ದೋಷ ಕಾರಣವೆಂದು ತನಿಖೆ ಹೇಳಲಿಲ್ಲ, ಅತಿವೇಗವೇ ಕಾರಣ ಎಂದಿತು. ಜಾರುವ ಕಾರನ್ನು ತಾನಾಗಿ ಸರಿಪಡಿಸಲು ಯತ್ನಿಸುವ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್ ಆ ಮಾದರಿಯಲ್ಲಿ ಇರಲೇ ಇಲ್ಲ.

ರಸ್ತೆಗೆ ತಾಗುವುದು ನಾಲ್ಕು ಅಂಗೈ ಮಾತ್ರ

ಕಾರು ಹತ್ತು ಲಕ್ಷದ್ದಿರಲಿ, ಹತ್ತು ಕೋಟಿಯದ್ದಿರಲಿ, ರಸ್ತೆಯನ್ನು ಹಿಡಿದುಕೊಳ್ಳುವುದು ಟೈರುಗಳು ಮಾತ್ರ. ಒಂದು ಟೈರು ಒಂದು ಕ್ಷಣದಲ್ಲಿ ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ ನಮ್ಮ ಅಂಗೈಯಷ್ಟು. ಸ್ಪೋರ್ಟ್ಸ್ ಕಾರಿನ ಅಗಲ ಟೈರಿನಲ್ಲಿ ಸ್ವಲ್ಪ ಹೆಚ್ಚು, ಅಷ್ಟೇ. ಮುಂದೆ ಓಡುವುದು, ನಿಲ್ಲುವುದು, ತಿರುಗುವುದು, ಈ ಮೂರೂ ಕೆಲಸಕ್ಕೆ ಬೇಕಾದ ಹಿಡಿತ ಅಷ್ಟು ಜಾಗದಿಂದಲೇ ಸಿಗಬೇಕು.

ಮನೆಯ ಬಜೆಟ್ ಇದ್ದ ಹಾಗೆ ಇದು. ತಿಂಗಳ ಹಣವೆಲ್ಲ ಬಾಡಿಗೆಗೇ ಹೋದರೆ ದಿನಸಿಗೆ ಉಳಿಯುವುದಿಲ್ಲ. ಹಾಗೆಯೇ ಟೈರಿನ ಹಿಡಿತವೆಲ್ಲ ತಿರುವಿಗೇ ಖರ್ಚಾಗುತ್ತಿರುವಾಗ ನೀವು ಆಕ್ಸಿಲರೇಟರ್ ಒತ್ತಿದರೆ ಅಥವಾ ಜೋರಾಗಿ ಬ್ರೇಕ್ ಹಾಕಿದರೆ ಲೆಕ್ಕ ತಪ್ಪುತ್ತದೆ, ಟೈರು ಜಾರುತ್ತದೆ.

ವೇಗ ಎರಡು ಪಟ್ಟಾದರೆ ಅದೇ ತಿರುವಿಗೆ ಬೇಕಾಗುವ ಹಿಡಿತ ನಾಲ್ಕು ಪಟ್ಟಾಗುತ್ತದೆ. 72 ಕಿ.ಮೀ. ಮಿತಿಯ ರಸ್ತೆಯಲ್ಲಿ 130–150ರಲ್ಲಿ ಹೋದರೆ ಬೇಕಾಗುವ ಹಿಡಿತ ಮೂರರಿಂದ ನಾಲ್ಕು ಪಟ್ಟು ಹೆಚ್ಚು. ಅಷ್ಟು ಹಿಡಿತ ಟೈರಿನಲ್ಲಿ ಇಲ್ಲದಿದ್ದರೆ ಎಂಜಿನ್ ಎಷ್ಟು ದೊಡ್ಡದಿದ್ದರೂ ಪ್ರಯೋಜನವಿಲ್ಲ.

ನಿಲ್ಲಿಸುವಾಗಲೂ ಇದೇ ಲೆಕ್ಕ. 100 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಅಪಾಯ ಕಂಡು ಕಾಲು ಬ್ರೇಕಿಗೆ ಬರುವಷ್ಟರಲ್ಲೇ ಅಷ್ಟು ದೂರ ಹೋಗಿರುತ್ತದೆ. ಆಮೇಲೆ ಒಣ ಡಾಂಬರಿನಲ್ಲಿ ನಿಲ್ಲಲು ಸುಮಾರು 50 ಮೀಟರ್ ಬೇಕು. ಮಳೆಯಿಂದ ಹಿಡಿತ ಅರ್ಧಕ್ಕಿಳಿದರೆ ಅದು 100 ಮೀಟರ್.

‘ಪವರ್ ಇದ್ದರೆ ಕಂಟ್ರೋಲ್ ಜಾಸ್ತಿ’ ಎಂಬುದು ನಿಜವೇ?

ಇಲ್ಲ. ಒದ್ದೆ ರಸ್ತೆಯಲ್ಲಿ ಸಾಮಾನ್ಯ ಕಾರಿನ ಆಕ್ಸಿಲರೇಟರನ್ನು ಸ್ವಲ್ಪ ಹೆಚ್ಚು ಒತ್ತಿದರೆ ಅಂಥದ್ದೇನೂ ಆಗದಿರಬಹುದು. 500 ಅಶ್ವಶಕ್ತಿಯ, ಹಿಂದಿನ ಚಕ್ರಗಳಿಗೆ ಶಕ್ತಿ ಕೊಡುವ ಕಾರಿನಲ್ಲಿ ಅಷ್ಟೇ ಒತ್ತಿದರೆ ಹಿಂದಿನ ಟೈರುಗಳು ಗಿರ್ರನೆ ತಿರುಗಿ ಕಾರಿನ ಹಿಂಭಾಗ ಪಕ್ಕಕ್ಕೆ ಬೀಸಬಹುದು. ಇದಕ್ಕೆ ಓವರ್‌ಸ್ಟೀರ್ ಎನ್ನುತ್ತಾರೆ. ಮುಂದಿನ ಟೈರುಗಳು ಹಿಡಿತ ಕಳೆದುಕೊಂಡು, ಸ್ಟೀರಿಂಗ್ ತಿರುಗಿಸಿದರೂ ಕಾರು ನೆಟ್ಟಗೆ ಹೋಗುವುದು ಅಂಡರ್‌ಸ್ಟೀರ್.

ಇನ್ನೊಂದು ತೊಡಕು, ಇಂಥ ಕಾರಿನಲ್ಲಿ ವೇಗ ಗೊತ್ತಾಗುವುದೇ ಇಲ್ಲ. ಹಳೆಯ ಕಾರು 110ಕ್ಕೆ ಬಂದರೆ ಗಡಗಡ ಸದ್ದು ಮಾಡಿ ಎಚ್ಚರಿಸುತ್ತದೆ. ಸ್ಪೋರ್ಟ್ಸ್ ಕಾರು ಆ ವೇಗದಲ್ಲೂ ಆರಾಮಾಗಿ ಹೋಗುತ್ತಿರುತ್ತದೆ.

ಸ್ಟೆಬಿಲಿಟಿ ಕಂಟ್ರೋಲ್ ಇದ್ದರೆ? ಖಂಡಿತ ಒಳ್ಳೆಯದು. ಕಾರು ಅಡ್ಡ ತಿರುಗುತ್ತಿದೆ ಎಂದು ಗೊತ್ತಾದ ಕೂಡಲೇ ಬೇಕಾದ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ, ಎಂಜಿನ್ ಶಕ್ತಿಯನ್ನೂ ತಗ್ಗಿಸುತ್ತದೆ. ಆದರೆ ಇರುವ ಹಿಡಿತವನ್ನು ಸರಿಯಾಗಿ ಹಂಚುವುದಷ್ಟೇ ಅದರ ಕೆಲಸ. ಇಲ್ಲದ ಹಿಡಿತವನ್ನು ಅದು ಹುಟ್ಟಿಸಲಾರದು. ಮಜಾಕ್ಕೆಂದು ಅದನ್ನು ಆಫ್ ಮಾಡಿ ಊರ ರಸ್ತೆಯಲ್ಲಿ ಓಡಿಸುವುದಂತೂ ಬೇಡವೇ ಬೇಡ.

‘ಟೈರು ಹೊಸದರಂತೆಯೇ ಇದೆ, ಸವೆದೇ ಇಲ್ಲ’

ಸ್ಪೋರ್ಟ್ಸ್ ಕಾರುಗಳು ಹೆಚ್ಚಾಗಿ ಶೆಡ್ಡಿನಲ್ಲೇ ನಿಂತಿರುತ್ತವೆ. ಟೈರು ಸವೆಯುವುದಿಲ್ಲ, ಆದರೆ ರಬ್ಬರಿಗೆ ವಯಸ್ಸಾಗುತ್ತದೆ. ಗಟ್ಟಿಯಾದ ರಬ್ಬರು ರಸ್ತೆಯನ್ನು ಮೊದಲಿನಂತೆ ಹಿಡಿಯುವುದಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಗುರುತು ಇರುತ್ತದೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಿ. ಹತ್ತು ವರ್ಷವಾದರೆ ನೋಡಲು ಚೆನ್ನಾಗಿದ್ದರೂ ಬದಲಿಸಿ. ನಮ್ಮ ದೇಶದ ನಿಯಮದಂತೆ ಕಾರಿನ ಟೈರಿನ ಗೀರುಗಳ ಆಳ ಕನಿಷ್ಠ 1.6 ಮಿಲಿಮೀಟರ್ ಇರಬೇಕು. ಮಳೆನೀರನ್ನು ಹೊರದಬ್ಬುವುದು ಈ ಗೀರುಗಳೇ.

ಮಳೆಯಲ್ಲಿ ಕ್ರೂಸ್ ಕಂಟ್ರೋಲ್ ಹಾಕಿದರೆ ಕಾರು ಹಾರುತ್ತದೆಯೇ?

ಹಾರುವುದಿಲ್ಲ. ಆದರೆ ಈ ಸಂದೇಶದಲ್ಲಿ ಒಂದು ಸತ್ಯವಿದೆ. ರಸ್ತೆಯಲ್ಲಿ ನೀರು ನಿಂತಿದ್ದು ವೇಗ ಹೆಚ್ಚಿದ್ದರೆ, ಟೈರಿಗೆ ನೀರನ್ನು ಪಕ್ಕಕ್ಕೆ ತಳ್ಳಲು ಸಮಯ ಸಾಲದೆ ಅದು ನೀರಿನ ಪದರದ ಮೇಲೇ ತೇಲುತ್ತದೆ. ಆಗ ಸ್ಟೀರಿಂಗ್ ಹಗುರಾಗುತ್ತದೆ, ಬ್ರೇಕ್ ಕೇಳುವುದಿಲ್ಲ. ನೀವೇ ಓಡಿಸುತ್ತಿದ್ದರೆ ತಟ್ಟನೆ ಕಾಲು ತೆಗೆಯುತ್ತೀರಿ. ಕ್ರೂಸ್ ಕಂಟ್ರೋಲ್ ವೇಗವನ್ನು ಉಳಿಸಿಕೊಳ್ಳಲು ನೋಡುತ್ತಿರುತ್ತದೆ, ನಿಮ್ಮ ಎಚ್ಚರವೂ ತಡವಾಗುತ್ತದೆ. ಅದಕ್ಕೇ ಒದ್ದೆ ರಸ್ತೆಯಲ್ಲಿ ಅದನ್ನು ಬಳಸಬೇಡಿ ಎಂದು ಕಾರಿನ ಕೈಪಿಡಿಗಳೇ ಹೇಳುತ್ತವೆ.

ಕಾರು ಜಾರಿದ ಆ ಕ್ಷಣದಲ್ಲಿ

• ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ಎತ್ತಿ. ತಿರುವಿನ ನಡುವೆ ತಟಕ್ಕನೆ ಬಿಟ್ಟರೆ ಭಾರವೆಲ್ಲ ಮುಂದಕ್ಕೆ ಬಂದು ಹಿಂಭಾಗ ಇನ್ನಷ್ಟು ಬೀಸಬಹುದು.

• ಹೋಗಬೇಕಾದ ದಾರಿಯನ್ನು ನೋಡಿ, ಆ ಕಡೆಗೇ ಸ್ಟೀರಿಂಗ್ ತಿರುಗಿಸಿ. ಮರವನ್ನೇ ನೋಡುತ್ತಿದ್ದರೆ ಕೈಯೂ ಅತ್ತಲೇ ಎಳೆಯುತ್ತದೆ.

• ಕಾರು ಸರಿದಾರಿಗೆ ಬರುತ್ತಿದ್ದಂತೆ ಸ್ಟೀರಿಂಗನ್ನು ನೇರ ಮಾಡಿ. ಹೆಚ್ಚು ತಿರುಗಿಸಿಬಿಟ್ಟರೆ ಕಾರು ಇನ್ನೊಂದು ಕಡೆಗೆ ಬೀಸುತ್ತದೆ.

• ಎದುರಿಗೇ ಅಡ್ಡಿ ಇದ್ದು ಕಾರಿನಲ್ಲಿ ಎಬಿಎಸ್ ಇದ್ದರೆ ಬ್ರೇಕನ್ನು ಪೂರ್ತಿ ಒತ್ತಿ ಹಿಡಿದು ಸ್ಟೀರಿಂಗ್ ತಿರುಗಿಸಿ. ಪೆಡಲ್ ನಡುಗಿದರೆ ಹೆದರಬೇಡಿ, ಎಬಿಎಸ್ ಕೆಲಸ ಮಾಡುತ್ತಿದೆ ಎಂದರ್ಥ.

• ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಸಿನಿಮಾದಲ್ಲಿ ಚೆನ್ನ, ರಸ್ತೆಯಲ್ಲಿ ಅಲ್ಲ.

ನಿಜ ಹೇಳಬೇಕೆಂದರೆ, ಇದನ್ನೆಲ್ಲ ಓದಿದ ಮಾತ್ರಕ್ಕೆ ಕೈಗೆ ಬರುವುದಿಲ್ಲ. ಸ್ಪೋರ್ಟ್ಸ್ ಕಾರು ಕೊಂಡವರು ರೇಸ್ ಟ್ರ್ಯಾಕಿನಲ್ಲಿ ತರಬೇತುದಾರರ ಜೊತೆ ಕಲಿಯುವುದೇ ಸರಿ.

ಅಪಘಾತ ಆಗಿಯೇ ಹೋದರೆ: ಮೊದಲ ಕೆಲವು ನಿಮಿಷ

ಕಾರಣ ಯಾವ ದೇಶದಲ್ಲೂ ಒಂದೇ, ಆದರೆ ಅಪಘಾತದ ನಂತರದ ನಿಯಮಗಳು ಬೇರೆ ಬೇರೆ. ಇಲ್ಲಿ ನಾವು ಹೇಳುತ್ತಿರುವುದು ಭಾರತದ ನಿಯಮ. ಇದು ಸ್ಪೋರ್ಟ್ಸ್ ಕಾರಿಗಷ್ಟೇ ಅಲ್ಲ, ಎಲ್ಲ ವಾಹನಗಳಿಗೂ ಅನ್ವಯ.

1. ಎಂಜಿನ್ ಆಫ್ ಮಾಡಿ, ನಾಲ್ಕೂ ಇಂಡಿಕೇಟರ್ ಹಾಕಿ. ಹೊಗೆ ಅಥವಾ ಬೆಂಕಿ ಕಂಡರೆ ಕೂಡಲೇ ಹೊರಬಂದು ದೂರ ಹೋಗಿ. ಕಾರಿನ ಮೇಲೆ ವಿದ್ಯುತ್ ತಂತಿ ಬಿದ್ದಿದ್ದು ಬೆಂಕಿ ಇಲ್ಲದಿದ್ದರೆ ಒಳಗೇ ಇರಿ.

2. 112ಕ್ಕೆ ಅಥವಾ ಆಂಬುಲೆನ್ಸಿಗಾಗಿ 108ಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033 ಕೂಡ ಇದೆ. ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿದರೆ ಜಾಗ ಬೇಗ ಸಿಗುತ್ತದೆ.

3. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಗಾಯದ ಮೇಲೆ ಒತ್ತಿ ಹಿಡಿಯಿರಿ.

4. ಬೆಂಕಿ, ನೀರು ಅಥವಾ ನುಗ್ಗಿ ಬರುವ ವಾಹನಗಳ ಅಪಾಯ ಇಲ್ಲದಿದ್ದರೆ ಗಾಯಾಳುವನ್ನು ಎಳೆದು ಹೊರತೆಗೆಯಬೇಡಿ. ಕುತ್ತಿಗೆ, ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಎಳೆದಾಟದಿಂದ ಶಾಶ್ವತ ಹಾನಿಯಾಗಬಹುದು.

5. ‘ಪಾಪ, ಸ್ವಲ್ಪ ನೀರು ಕುಡಿಸಿ’ ಎನ್ನುವವರು ಇದ್ದೇ ಇರುತ್ತಾರೆ. ಪ್ರಜ್ಞೆ ಸರಿಯಿಲ್ಲದವರಿಗೆ ನೀರು ಶ್ವಾಸನಾಳಕ್ಕೆ ಹೋಗಬಹುದು, ಶಸ್ತ್ರಚಿಕಿತ್ಸೆಗೂ ತೊಂದರೆ. ಕುಡಿಸಬೇಡಿ.

‘ನನಗೇನೂ ಆಗಿಲ್ಲ’ ಎಂದು ಎದ್ದು ನಡೆದವರೂ ವೈದ್ಯರನ್ನು ಕಾಣಬೇಕು. ಪೆಟ್ಟಿನ ಗಾಬರಿಯಲ್ಲಿ ನೋವು ಗೊತ್ತಾಗದೇ ಇರಬಹುದು. ಕೆಲವು ಗಂಟೆಗಳ ಬಳಿಕ ವಾಂತಿ, ವಿಪರೀತ ತಲೆನೋವು, ಮಂಪರು, ಹೊಟ್ಟೆನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

‘ಗಾಯಾಳುವನ್ನು ಮುಟ್ಟಿದರೆ ಕೇಸು’: ಇದು ಪೂರ್ತಿ ಸುಳ್ಳು

ಅಪಘಾತದ ಮೊದಲ ಒಂದು ಗಂಟೆಯನ್ನು ‘ಗೋಲ್ಡನ್ ಅವರ್’ ಎನ್ನುತ್ತಾರೆ. ಆಗ ಚಿಕಿತ್ಸೆ ಸಿಕ್ಕರೆ ಬದುಕುವ ಸಾಧ್ಯತೆ ಹೆಚ್ಚು. ಈ ಸುಳ್ಳು ಸಂದೇಶ ಜನರ ಕೈ ಕಟ್ಟಿಹಾಕುವುದು ಅದೇ ಗಂಟೆಯಲ್ಲಿ.

ಗಾಯಾಳುಗಳಿಗೆ ನೆರವಾದವರಿಗೆ ರಕ್ಷಣೆ ಕೊಡುವ ಮಾರ್ಗಸೂಚಿಯನ್ನು ಸುಪ್ರೀಂ ಕೋರ್ಟ್ 2016ರಲ್ಲೇ ಎತ್ತಿಹಿಡಿದಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಮಿನಂತೆ, ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ. ಹೆಸರು, ವಿಳಾಸ ಹೇಳಿ ಎಂದು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಒತ್ತಾಯಿಸುವಂತಿಲ್ಲ. ಇಂಥ ರಕ್ಷಣೆಗೆ ಕರ್ನಾಟಕ ತನ್ನದೇ ಕಾನೂನನ್ನೂ ಮಾಡಿದೆ. ‘ಪೊಲೀಸ್ ಕೇಸ್, ನಾವು ಮುಟ್ಟುವುದಿಲ್ಲ’ ಎಂದು ಯಾವ ಆಸ್ಪತ್ರೆಯೂ ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಹಣದ ಚಿಂತೆಗೂ ಒಂದು ದಾರಿ ಇದೆ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಡಿ, ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಸಿಗುತ್ತದೆ.

ಓಡಿಹೋದರೆ ಬಚಾವಾಗಬಹುದೇ?

ಚಾಲಕರಿಗೆ ನಾವು ಹೇಳುವುದು ಒಂದೇ ಮಾತು: ನಿಲ್ಲಿ. ಕಾಯ್ದೆಯ 134ನೇ ಕಲಮಿನಂತೆ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, ಪೊಲೀಸರಿಗೆ 24 ಗಂಟೆಯೊಳಗೆ ತಿಳಿಸುವುದು, ವಿಮಾ ಕಂಪನಿಗೆ ಮಾಹಿತಿ ಕೊಡುವುದು ಚಾಲಕರ ಕರ್ತವ್ಯ. ಜನ ರೊಚ್ಚಿಗೆದ್ದು ನಿಮ್ಮ ಜೀವಕ್ಕೇ ಅಪಾಯ ಎನಿಸಿದರೆ ನೇರವಾಗಿ ಹತ್ತಿರದ ಠಾಣೆಗೆ ಹೋಗಿ, ಅಲ್ಲಿಂದಲೇ ಆಂಬುಲೆನ್ಸ್ ಕಳಿಸಿ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಐದು ವರ್ಷದವರೆಗೆ ಜೈಲು ಆಗಬಹುದು. ತಪ್ಪಿಸಿಕೊಳ್ಳಲು ಮಾಡುವ ಒಂದೊಂದು ಕೆಲಸವೂ ಹೊಸ ಕೇಸನ್ನು ತರುತ್ತದೆ. 2024ರ ಮೇ 19ರಂದು ಪುಣೆಯಲ್ಲಿ ಪೋರ್ಷೆ ಕಾರು ಬೈಕಿಗೆ ಗುದ್ದಿ ಇಬ್ಬರು ಯುವ ಎಂಜಿನಿಯರುಗಳು ಸತ್ತರು. ಕಾರು ಓಡಿಸಿದ ಆರೋಪ ಇದ್ದದ್ದು 17ರ ಹುಡುಗನ ಮೇಲೆ. ಆಮೇಲೆ ರಕ್ತದ ಮಾದರಿ ಬದಲಿಸಿದ ಆರೋಪದಲ್ಲಿ ವೈದ್ಯರೂ ಬಂಧನಕ್ಕೊಳಗಾದರು.

ಮಕ್ಕಳ ಕೈಗೆ ಕೀ ಕೊಡುವ ಅಪ್ಪ ಅಮ್ಮಂದಿರೂ ಗಮನಿಸಿ. 18 ತುಂಬದವರು ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ವಾಹನದ ನೋಂದಣಿ ಒಂದು ವರ್ಷ ರದ್ದು.

ಇನ್ನು ವಿಮೆ. ಕಡ್ಡಾಯವಾದ ಥರ್ಡ್ ಪಾರ್ಟಿ ವಿಮೆ ಎದುರಿನವರ ನಷ್ಟಕ್ಕೆ ಮಾತ್ರ. ನಿಮ್ಮ ಕಾರಿನ ರಿಪೇರಿಗೆ ಬೇರೆ ವಿಮೆ ಬೇಕು, ಕುಡಿದು ಓಡಿಸಿದ್ದರೆ ಅದೂ ಸಿಗುವುದಿಲ್ಲ. ಗಾಯಾಳುಗಳ ವ್ಯವಸ್ಥೆ ಆದ ಮೇಲೆ ಕಾರುಗಳು ನಿಂತ ಜಾಗ, ಟೈರಿನ ಗುರುತು, ನಂಬರ್ ಪ್ಲೇಟ್‌ಗಳ ಫೋಟೋ ತೆಗೆದುಕೊಳ್ಳಿ. ರಕ್ತಸಿಕ್ತ ಮುಖಗಳ ವಿಡಿಯೋ ಮಾತ್ರ ಬೇಡ. ಮನೆಯವರಿಗೆ ಸುದ್ದಿ ಮೊದಲು ಮುಟ್ಟುವುದು ನಿಮ್ಮ ಸ್ಟೇಟಸ್ಸಿನಿಂದ ಆಗಬಾರದು.

ಒಟ್ಟಿನಲ್ಲಿ

ಎಂಜಿನ್ ಶಕ್ತಿ ಹೆಚ್ಚಿದ್ದ ಮಾತ್ರಕ್ಕೆ ಟೈರಿನ ಹಿಡಿತ ಹೆಚ್ಚುವುದಿಲ್ಲ. ತಿರುವಿಗೆ ಮೊದಲೇ ವೇಗ ತಗ್ಗಿಸಿ, ಟೈರಿನ ವಯಸ್ಸು ನೋಡಿ, ಎಲ್ಲರೂ ಸೀಟ್ ಬೆಲ್ಟ್ ಹಾಕಿ. ಅಪಘಾತವಾದರೆ ಮೊದಲು ಜೀವ, ಆಮೇಲೆ ಪೊಲೀಸರು, ಕೊನೆಗೆ ಕಾರು. ‘ಗಾಯಾಳುವನ್ನು ಮುಟ್ಟಬೇಡಿ’ ಎಂಬ ಸಂದೇಶ ಮತ್ತೆ ಬಂದರೆ ಫಾರ್ವರ್ಡ್ ಮಾಡಬೇಡಿ. ಕಳಿಸಿದವರಿಗೆ 134ಎ ಕಲಮಿನ ವಿಷಯ ತಿಳಿಸಿ, 112 ಮತ್ತು 108 ಅನ್ನು ಫೋನಿನಲ್ಲಿ ಉಳಿಸಿಕೊಳ್ಳಲು ಹೇಳಿ.