ಪತ್ತಿಲ್ಲದವರ ಪತ್ತು

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ಮನೆಗೆ ಬಂದಿದ್ದರು. ಪದವಿ ತರಗತಿಯಲ್ಲಿ ನನ್ನಲ್ಲಿ ಕನ್ನಡ ಓದಿದವರು. ಮುಂದೆ ಇತಿಹಾಸದಲ್ಲಿ ಎಂ.ಎ. ಮಾಡಿ ಈಗ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಾರೆ. ಮನೆಯಿಂದ ಕಾಲೇಜಿಗೆ ಬಸ್ಸಿನ ಅನುಕೂಲ ಸಾಲದೆಂದು ಸ್ಕೂಟರ್ ಕೊಳ್ಳಲು ಸಾಲ ಕೇಳಿದರು. ಒಂದಾದ ಮೇಲೊಂದರಂತೆ ಮೂರು ಕಡೆ ಅರ್ಜಿ ತಿರಸ್ಕೃತವಾಯಿತು. ಆಕೆ ಸಾಲ ಮಾಡಿ ತೀರಿಸದೆ ಇದ್ದವರಲ್ಲ, ಸಾಲವನ್ನೇ ಮಾಡದವರು. "ಇತಿಹಾಸ ಪಾಠ ಮಾಡುವ ನನಗೆ ಇತಿಹಾಸವೇ ಇಲ್ಲವಂತೆ ಸರ್" ಎಂದು ನಕ್ಕರು. ಆ ನಗುವಿನಲ್ಲಿ ಅವಮಾನವೂ ಬೆರೆತಿತ್ತು. ಸಾಲವಿಲ್ಲದೆ ಬದುಕುವುದೇ ಮರ್ಯಾದೆ ಎಂದು ನಂಬಿದ ತಂದೆ, ಇಪ್ಪತ್ತು ವರ್ಷ ತಪ್ಪದೆ ಪಿಗ್ಮಿ ಕಟ್ಟಿದ ತಾಯಿ, ಇಂಥ ಮನೆಯಲ್ಲಿ ಬೆಳೆದವರು ಆಕೆ. ಅದಾವುದೂ ಲೆಕ್ಕಕ್ಕೆ ಬರಲಿಲ್ಲ. ಸಾಲಕ್ಕೆ ಅರ್ಹತೆ ಎಂಬುದನ್ನು ಯಾವುದರಿಂದ ಅಳೆಯಬೇಕು, ಆ ಅಳತೆಯ ದಾಖಲೆ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ಹೊಸದಲ್ಲ. ಕನ್ನಡ ನಾಡು ಇದಕ್ಕೆ ಕೊಟ್ಟ ಉತ್ತರಗಳಲ್ಲಿ ಕೆಲವನ್ನು ಇಲ್ಲಿ ಪರಿಶೀಲಿಸಬಹುದು.

ಮೊದಲು ಪದವನ್ನು ಗಮನಿಸೋಣ. ಉತ್ತರ ಕರ್ನಾಟಕದ ಊರುಗಳಲ್ಲಿ 'ಪತ್ತಿನ ಸಹಕಾರಿ ಸಂಘ' ಎಂಬ ಫಲಕವನ್ನು ಎಲ್ಲರೂ ಕಂಡಿರುತ್ತಾರೆ. ಮರಾಠಿಯ 'ಪತ' ಎಂಬ ಪದಕ್ಕೆ ಸಾಲದ ನಂಬಿಕೆ, ಹೆಸರು, ಮರ್ಯಾದೆ ಎಂಬ ಅರ್ಥಗಳಿವೆ. ನಮ್ಮ 'ಪತ್ತು' ಅದಕ್ಕೆ ಹತ್ತಿರದ್ದು. ಅಂದರೆ ಸಾಲ ಹುಟ್ಟುವುದು ಹಣದಿಂದಲ್ಲ, ಹೆಸರಿನಿಂದ. ಹೆಸರಿಲ್ಲದವನು ಹೆಸರನ್ನು ಹೇಗೆ ಗಳಿಸಬೇಕು ಎಂಬುದೇ ಇಲ್ಲಿನ ತೊಡಕು.

ಹಳೆಯ ವ್ಯವಸ್ಥೆಯಲ್ಲಿ ಪತ್ತು ಆಗಲೇ ಸ್ಥಾನಮಾನ ಉಳ್ಳವರದಾಗಿತ್ತು. ಶ್ರವಣಬೆಳಗೊಳದ ಹದಿಮೂರನೆಯ ಶತಮಾನದ ಶಾಸನಗಳಲ್ಲಿ ಗೊಮ್ಮಟನ ಅಭಿಷೇಕದ ಹಾಲಿಗಾಗಿ ಭಕ್ತರು ಗದ್ಯಾಣಗಳನ್ನು ಮೂಲಧನವಾಗಿ ಇರಿಸಿದ ಉಲ್ಲೇಖಗಳು ಸಿಗುತ್ತವೆ. ಮೂಲಧನ ಹಾಗೆಯೇ ಉಳಿಯಬೇಕು, ಅದರ ಬಡ್ಡಿಯಿಂದ ಹಾಲು ಸಲ್ಲಬೇಕು. ಇಂಥ ಹಣವನ್ನು ನಂಬಿ ಒಪ್ಪಿಸುತ್ತಿದ್ದುದು ತಲೆಮಾರುಗಳ ಕಾಲ ಉಳಿಯಬಲ್ಲ ಸಂಸ್ಥೆಗಳಿಗೆ, ಸಮುದಾಯಗಳಿಗೆ. ದಾಖಲೆ ಕಲ್ಲಿನ ಮೇಲಿತ್ತು, ಸಾಕ್ಷಿಗೆ ಊರಿತ್ತು. ಆದರೆ ಒಕ್ಕಲಿಗನಿಗಾಗಲಿ ಕೂಲಿಯವನಿಗಾಗಲಿ ಇಂಥ ಕಲ್ಲು ಇರಲಿಲ್ಲ.

ಸಂಸ್ಥೆಗಳ ಪತ್ತೂ ಕುಸಿಯಬಲ್ಲದೆಂಬುದಕ್ಕೆ ಅದೇ ಕ್ಷೇತ್ರದ 1634ರ ಶಾಸನ ಸಾಕ್ಷಿ. ಬೆಳಗೊಳದ ಸ್ಥಾನಿಕರು ಕಷ್ಟಕ್ಕೆ ಸಿಕ್ಕಿ ದೇವರ ದತ್ತಿ ಭೂಮಿಯನ್ನು ವರ್ತಕರಿಗೆ ಅಡವು ಇಟ್ಟಿದ್ದರು. ಅಡವು ಹಿಡಿದವರು ಬಹುಕಾಲ ಅದನ್ನು ಅನುಭವಿಸುತ್ತಿದ್ದರು. ಮೈಸೂರಿನ ಚಾಮರಾಜ ಒಡೆಯರು ಅವರನ್ನು ಕರೆಸಿ, ಸಾಲವನ್ನು ತಾವೇ ತೀರಿಸುವುದಾಗಿ ಹೇಳಿದರು. ಆಗ ಸಾಲ ಕೊಟ್ಟವರು ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಆ ಸಾಲವನ್ನೇ ದಾನವಾಗಿ ಬಿಟ್ಟುಕೊಟ್ಟರು. ಮುಂದೆ ಇಂಥ ಭೂಮಿಯನ್ನು ಅಡವು ಇಡುವುದನ್ನೂ ಹಿಡಿಯುವುದನ್ನೂ ನಿಷೇಧಿಸಲಾಯಿತು. ಇಲ್ಲಿ ಬಿಡುಗಡೆ ಬಂದದ್ದು ಅರಸನ ಮಧ್ಯಸ್ಥಿಕೆಯಿಂದ ಮತ್ತು ಧರ್ಮಭಾವನೆಯಿಂದ. ಸಾಮಾನ್ಯ ಸಾಲಗಾರನ ಪಾಲಿಗೆ ಇವೆರಡೂ ಸುಲಭವಾಗಿ ಒದಗುವಂಥವಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಥಿತಿ ಮತ್ತಷ್ಟು ಬಿಗಿಯಾಯಿತು. ಮುಂಬಯಿ ಪ್ರಾಂತದ ರೈತ ಸಾಹುಕಾರನಿಗೆ ಪತ್ರ ಬರೆದುಕೊಟ್ಟು ಸಾಲ ತರುತ್ತಿದ್ದ. ಪತ್ರ ಮತ್ತು ಲೆಕ್ಕದ ವಹಿ ಎರಡೂ ಸಾಹುಕಾರನ ಕೈಯಲ್ಲಿ. ಅದರಲ್ಲಿ ಏನು ಬರೆದಿದೆಯೆಂಬುದು ಹೆಬ್ಬೆಟ್ಟು ಒತ್ತಿದವನಿಗೆ ತಿಳಿಯದು. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ದಂಗೆಯೆದ್ದಾಗ ಮುಖ್ಯವಾಗಿ ಕಸಿದು ಸುಟ್ಟದ್ದು ಈ ಸಾಲಪತ್ರಗಳನ್ನು. ತಮ್ಮ ವಿರುದ್ಧವೇ ನುಡಿಯುವ, ತಾವು ಓದಲಾರದ ಚರಿತ್ರೆಯೊಂದನ್ನು ಅವರು ಸುಟ್ಟರು ಎನ್ನಬಹುದು. 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಬಂದಿತು. ಪತ್ರದಲ್ಲಿ ಬರೆದುದನ್ನಷ್ಟೇ ನೋಡದೆ ವ್ಯವಹಾರದ ಮೂಲವನ್ನು ವಿಚಾರಿಸುವ ಅಧಿಕಾರ ನ್ಯಾಯಾಲಯಕ್ಕೆ ದೊರೆಯಿತು. ಆದರೆ ಕಾಯ್ದೆ ಸಾಲಗಾರನನ್ನು ರಕ್ಷಿಸಬಲ್ಲದೇ ಹೊರತು ಅವನಿಗೆ ಹೊಸ ಸಾಲ ಕೊಡಿಸಲಾರದು.

ಅದಕ್ಕೆ ಬೇಕಾದ ಮೊದಲ ಸಾಧನ ಸಿಕ್ಕಿದ್ದು ಸಹಕಾರ ತತ್ತ್ವದಲ್ಲಿ. ಜರ್ಮನಿಯ ರೈಫೈಸನ್ ರೂಪಿಸಿದ ಗ್ರಾಮ ಪತ್ತಿನ ಸಂಘಗಳ ಮಾದರಿಯಿಂದ ಪ್ರೇರಿತವಾದ ಕಾಯ್ದೆ 1904ರಲ್ಲಿ ಭಾರತದಲ್ಲಿ ಜಾರಿಗೆ ಬಂದಿತು. ಮರುವರ್ಷವೇ, 1905ರಲ್ಲಿ, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಈ ಕಾಯ್ದೆಯಡಿ ಹುಟ್ಟಿದ ಮೊದಲ ಕೃಷಿ ಪತ್ತಿನ ಸಂಘವೆಂಬ ಹೆಗ್ಗಳಿಕೆ ಅದರದು. ಗ್ರಾಮ ಸಂಘಗಳ ಸದಸ್ಯರ ಹೊಣೆ ಅಪರಿಮಿತ. ಒಬ್ಬ ಮರುಪಾವತಿ ಮಾಡದಿದ್ದರೆ ಉಳಿದವರೆಲ್ಲರ ಮೇಲೆ ಭಾರ. ಆದ್ದರಿಂದ ಒಬ್ಬನ ನಡತೆಯ ಬಗ್ಗೆ ನೆರೆಹೊರೆಯವರಿಗಿದ್ದ ತಿಳಿವಳಿಕೆಯೇ ಅವನ ಪತ್ತಾಯಿತು. ಪಟ್ಟಣದ ಬ್ಯಾಂಕಿಗೆ ಅಪರಿಚಿತನಾದವನು ತನ್ನ ಊರಿಗೆ ಅಪರಿಚಿತನಲ್ಲ ಎಂಬ ಸರಳ ಸತ್ಯದ ಮೇಲೆ ಸಂಘ ನಿಂತಿತು. ಇದರ ಮಿತಿಯೂ ಅಲ್ಲಿಯೇ ಇದೆ. ಊರು ಯಾರನ್ನು ತನ್ನವನೆಂದು ಎಣಿಸುವುದಿಲ್ಲವೋ ಅವನಿಗೆ ಹೊಣೆ ನಿಲ್ಲುವವರೂ ಇರುವುದಿಲ್ಲ.

ಎರಡನೆಯ ಸಾಧನ ಕರಾವಳಿಯದು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಸ್ಥಾಪಿಸಿದ ಸಂಸ್ಥೆಗಳು ಮುಂದೆ ಕೆನರಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್ ಎಂದು ಪ್ರಸಿದ್ಧವಾದವು. 1925ರಲ್ಲಿ ಉಡುಪಿಯಲ್ಲಿ ವೈದ್ಯರಾದ ಟಿ.ಎಂ.ಎ. ಪೈ, ಉದ್ಯಮಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ ಇವರು 8,000 ರೂಪಾಯಿ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಅನ್ನು ಆರಂಭಿಸಿದರು. ಕೈಮಗ್ಗದ ನೇಕಾರರ ಸಂಕಷ್ಟಕ್ಕೆ ನೆರವಾಗುವುದು ಅದರ ಉದ್ದೇಶಗಳಲ್ಲೊಂದು. 1928ರಲ್ಲಿ ಈ ಸಂಸ್ಥೆ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನು ಏಜೆಂಟರು ಮನೆಬಾಗಿಲಿಗೆ, ಅಂಗಡಿಗೆ ಬಂದು ಸಂಗ್ರಹಿಸುತ್ತಿದ್ದರು.

ಪಿಗ್ಮಿಯನ್ನು ಉಳಿತಾಯ ಯೋಜನೆಯೆಂದು ಮಾತ್ರ ನೋಡುವುದು ವಾಡಿಕೆ. ನನ್ನ ದೃಷ್ಟಿಯಲ್ಲಿ ಅದರ ಹೆಚ್ಚಿನ ಮಹತ್ವ ದಾಖಲೆಯಾಗಿ. ದಿನಗೂಲಿಯವನಿಗೆ ಸಂಬಳದ ಚೀಟಿಯಿಲ್ಲ, ಮೀನು ಮಾರುವವಳಿಗೆ ಜಮೀನಿನ ಪತ್ರವಿಲ್ಲ. ಆದರೆ ಮುನ್ನೂರು ದಿನ ತಪ್ಪದೆ ಎರಡಾಣೆ ಕೊಟ್ಟವಳ ಪುಸ್ತಕ ಅವಳ ಗಳಿಕೆಯನ್ನೂ ಶಿಸ್ತನ್ನೂ ಒಟ್ಟಿಗೆ ತೋರಿಸುತ್ತದೆ. ಅದು ಅವಳ ಪೆಟ್ಟಿಗೆಯಲ್ಲೇ ಇರುತ್ತದೆ, ಸಾಹುಕಾರನ ವಹಿಯಂತೆ ಪರರ ಕೈಯಲ್ಲಿಲ್ಲ. ಕಟ್ಟಿದ ಹಣದ ಆಧಾರದ ಮೇಲೆ ಸಾಲವೂ ದೊರೆಯುತ್ತದೆ. ದಿನವೂ ಬರುವ ಏಜೆಂಟನಿಗೆ ಅವಳ ಅಂಗಡಿ ತೆರೆದಿದೆಯೇ ಮುಚ್ಚಿದೆಯೇ ಎಂಬುದು ಗೊತ್ತು. ಕಣಗಿನಹಾಳದಲ್ಲಿ ನೆರೆಯವರು ಮಾಡಿದ ಕೆಲಸವನ್ನು ಇಲ್ಲಿ ಪುಸ್ತಕವೂ ಏಜೆಂಟನೂ ಮಾಡಿದರು.

ಮೂರನೆಯದು ಸ್ವಸಹಾಯ ಸಂಘ. ಟಿಬೆಟಿನ ನಿರಾಶ್ರಿತರ ಪುನರ್ವಸತಿಗಾಗಿ 1968ರಲ್ಲಿ ಆರಂಭವಾದ ಮೈರಾಡ ಸಂಸ್ಥೆ ಮುಂದೆ ಗ್ರಾಮೀಣ ಬಡವರ ನಡುವೆ ಕೆಲಸಕ್ಕಿಳಿಯಿತು. 1980ರ ದಶಕದ ಮಧ್ಯಭಾಗದಲ್ಲಿ ಅದು ನೆರವು ನೀಡುತ್ತಿದ್ದ ದೊಡ್ಡ ಸಹಕಾರ ಸಂಘಗಳು ಕೆಲವರ ಯಜಮಾನಿಕೆಯಿಂದಾಗಿ ಒಡೆದವು. ಹೊರಬಂದ ಸಣ್ಣ ಗುಂಪುಗಳು ತಮ್ಮ ಪಾಲಿನ ಸಾಲವನ್ನು ಮೈರಾಡಕ್ಕೆ ಹಿಂದಿರುಗಿಸಲು ಮುಂದಾದಾಗ, ಆ ಹಣವನ್ನು ತಮ್ಮಲ್ಲೇ ಇಟ್ಟುಕೊಂಡು ನಿರ್ವಹಿಸುವಂತೆ ಸಂಸ್ಥೆ ಸೂಚಿಸಿತು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಅನುದಾನ ನೀಡಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ರಾಷ್ಟ್ರೀಯ ಪ್ರಾಯೋಗಿಕ ಯೋಜನೆ ಬಂದಿತು. ಕ್ರಮ ಸ್ಪಷ್ಟವಾಗಿತ್ತು. ಮೊದಲು ಉಳಿತಾಯ, ಬಳಿಕ ಆ ಉಳಿತಾಯದಿಂದ ಸದಸ್ಯೆಯರ ನಡುವೆ ಸಣ್ಣ ಸಾಲ, ಕೊನೆಗೆ ಉಳಿತಾಯದ ಮೊತ್ತದಿಂದ ಅದರ ನಾಲ್ಕು ಪಟ್ಟಿನವರೆಗೆ ಬ್ಯಾಂಕಿನ ಸಾಲ. ಅಡವಿಲ್ಲ, ಜಾಮೀನಿಲ್ಲ. ವಾರದ ಸಭೆಯಲ್ಲಿ ಎಲ್ಲರೆದುರು ಓದಲಾಗುವ ಲೆಕ್ಕದ ಪುಸ್ತಕವೇ ಆಧಾರ. ಓದು ಬಾರದವರೂ ತಮ್ಮ ಲೆಕ್ಕವನ್ನು ಕೇಳಿ ತಿಳಿಯುವಂತಾಯಿತು. 1875ರ ರೈತನಿಗೆ ಇಲ್ಲದಿದ್ದದ್ದು ಇದೇ.

ಈ ಮೂರರಲ್ಲಿ ಪಿಗ್ಮಿ ಮತ್ತು ಸ್ವಸಹಾಯ ಸಂಘಗಳು ಒಂದು ವಿಷಯದಲ್ಲಿ ಒಂದಾಗುತ್ತವೆ. ಎರಡೂ ಉಳಿತಾಯವನ್ನು ಚರಿತ್ರೆಯೆಂದು ಒಪ್ಪಿದವು. ಇಂದಿನ ವ್ಯವಸ್ಥೆ ಭಿನ್ನವಾಗುವುದು ಇಲ್ಲಿ. 2000ರಲ್ಲಿ ಸಿಬಿಲ್ ಸ್ಥಾಪನೆಯಾಯಿತು. 2005ರ ಕಾಯ್ದೆಯಡಿ ಈಗ ಅದರೊಡನೆ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈಮಾರ್ಕ್ ಸಂಸ್ಥೆಗಳೂ ಕೆಲಸ ಮಾಡುತ್ತಿವೆ. 300ರಿಂದ 900ರವರೆಗಿನ ಅಂಕದಲ್ಲಿ ಒಬ್ಬರ ಪತ್ತನ್ನು ಅಳೆಯಲಾಗುತ್ತದೆ. ಈ ಅಂಕ ಹುಟ್ಟುವುದು ಸಾಲ ಮತ್ತು ಕ್ರೆಡಿಟ್ ಕಾರ್ಡುಗಳ ಮರುಪಾವತಿಯಿಂದ. ಠೇವಣಿ, ಪಿಗ್ಮಿ, ಉಳಿತಾಯ ಖಾತೆಗಳು ಅದರಲ್ಲಿ ಸೇರುವುದಿಲ್ಲ. ಇಪ್ಪತ್ತು ವರ್ಷ ಕೂಡಿಟ್ಟ ತಾಯಿ ಚರಿತ್ರೆಯಿಲ್ಲದವಳು, ಇಪ್ಪತ್ತು ತಿಂಗಳು ಕಂತು ಕಟ್ಟಿದವನು ಚರಿತ್ರೆಯುಳ್ಳವನು. ಜಾತಿ, ಊರು, ಪರಿಚಯಗಳನ್ನು ಕೇಳದಿರುವುದು ಅಂಕದ ದೊಡ್ಡ ಗುಣ, ಅದನ್ನು ಅಲ್ಲಗಳೆಯಲಾಗದು. ಆದರೆ ಬಾಗಿಲು ತೆರೆಯಲು ಮೊದಲೇ ಒಳಗಿರಬೇಕೆಂಬ ವೈಚಿತ್ರ್ಯವೂ ಅದರಲ್ಲಿದೆ.

ಹಾಗಾದರೆ ಹೊರಗಿರುವವರು ಮಾಡಬೇಕಾದುದೇನು? ಇಲ್ಲಿಯೂ ಹಳೆಯ ಕ್ರಮವೇ ನೆರವಿಗೆ ಬರುತ್ತದೆ. ತನ್ನದೇ ನಿಶ್ಚಿತ ಠೇವಣಿಯ ಆಧಾರದಲ್ಲಿ ದೊರೆಯುವ ಕ್ರೆಡಿಟ್ ಕಾರ್ಡು ಅಥವಾ ಚಿಕ್ಕದೊಂದು ಚಿನ್ನದ ಸಾಲ ಉಳಿತಾಯವನ್ನು ಸಾಲದ ಚರಿತ್ರೆಯಾಗಿ ಪರಿವರ್ತಿಸುವ ದಾರಿ. ಕಾರ್ಡಿನ ಮಿತಿಯ ಸಣ್ಣ ಭಾಗವನ್ನಷ್ಟೇ ಬಳಸಿ, ಗಡುವಿನೊಳಗೆ ಪೂರ್ಣ ಮೊತ್ತ ತೀರಿಸುತ್ತ ಬಂದರೆ ಕೆಲವು ತಿಂಗಳಲ್ಲಿ ಅಂಕ ಮೂಡುತ್ತದೆ. ತಿರಸ್ಕೃತರಾದೊಡನೆ ಮತ್ತೊಂದು ಕಡೆ, ಮಗದೊಂದು ಕಡೆ ಅರ್ಜಿ ಹಾಕುವುದು ಹಾನಿಕರ, ಪ್ರತಿ ವಿಚಾರಣೆಯೂ ದಾಖಲಾಗುತ್ತದೆ. ಇತರರ ಸಾಲಕ್ಕೆ ಜಾಮೀನು ನಿಂತರೆ ಆ ಸಾಲ ನಮ್ಮ ಚರಿತ್ರೆಯಲ್ಲೂ ಸೇರುತ್ತದೆ. ಅಪರಿಮಿತ ಹೊಣೆಯ ನೆರಳು ಇನ್ನೂ ಮಾಯವಾಗಿಲ್ಲ. ವರ್ಷಕ್ಕೊಮ್ಮೆ ಪ್ರತಿಯೊಂದು ಸಂಸ್ಥೆಯಿಂದಲೂ ಪೂರ್ಣ ವರದಿಯನ್ನು ಉಚಿತವಾಗಿ ಪಡೆದು ಓದುವ, ತಪ್ಪಿದ್ದರೆ ತಿದ್ದಿಸುವ ಹಕ್ಕು ನಮಗಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ಬಾರಿ ಸಾಲ ಕೇಳುವವರ ಅರ್ಜಿಯನ್ನು ಚರಿತ್ರೆಯಿಲ್ಲವೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕ್ 2025ರ ಜನವರಿಯ ನಿರ್ದೇಶನದಲ್ಲಿ ಹೇಳಿದೆ. ಸಾಲ ಕೊಡಲೇಬೇಕೆಂದು ಇದರ ಅರ್ಥವಲ್ಲ. ನಿರಾಕರಣೆಗೆ ಬೇರೆ ಕಾರಣ ಇರಬೇಕೆಂದು ಮಾತ್ರ ಅರ್ಥ.

ನನ್ನ ವಿದ್ಯಾರ್ಥಿನಿ ತಾಯಿ ಕೊಟ್ಟ ಹಣವನ್ನು ಠೇವಣಿಯಿಟ್ಟು ಅದರ ಮೇಲೊಂದು ಕಾರ್ಡು ಪಡೆದರು. ತಿಂಗಳ ಪುಸ್ತಕ, ಔಷಧಿಯ ಖರ್ಚನ್ನು ಅದರಿಂದಲೇ ಮಾಡಿ ತೀರಿಸುತ್ತಿದ್ದಾರೆ. ಅಂಕ ಮೂಡಿದೆ, ಸ್ಕೂಟರ್ ಇನ್ನೂ ಬಂದಿಲ್ಲ. ಇತ್ತೀಚೆಗೆ ಬಂದಾಗ ತಾಯಿಯ ಹಳೆಯ ಪಿಗ್ಮಿ ಪುಸ್ತಕಗಳ ಕಟ್ಟನ್ನು ತಂದು ತೋರಿಸಿದರು. ಮಳೆಗಾಲದ ತಿಂಗಳುಗಳಲ್ಲಿ ಮೊತ್ತ ಇಳಿದಿದೆ, ಮಗಳ ಹೆರಿಗೆಯ ವರ್ಷ ಸಾಲ ತೆಗೆದ ಗುರುತಿದೆ, ಮರುವರ್ಷ ಮತ್ತೆ ಕಂತು ಏರಿದೆ. ಕುಟುಂಬವೊಂದರ ಆರ್ಥಿಕ ಚರಿತ್ರೆಯನ್ನು ಇದಕ್ಕಿಂತ ನಿಖರವಾಗಿ ಹೇಳುವ ಆಕರವನ್ನು ನಾನು ಹೆಚ್ಚು ಕಂಡಿಲ್ಲ. ಇಂಥ ಪುಸ್ತಕಗಳೂ ಮಹಿಳಾ ಸಂಘಗಳ ಲೆಕ್ಕದ ವಹಿಗಳೂ ಇಂದು ರದ್ದಿಗೆ ಹೋಗುತ್ತಿವೆ. ಹಾಲಿಗೆ ಗದ್ಯಾಣವಿಟ್ಟವರ ಶಾಸನವನ್ನು ಪಾಠಾಂತರಸಹಿತ ಓದುವ ನಾವು, ಎರಡಾಣೆ ಕೂಡಿಟ್ಟವರ ಪುಸ್ತಕಗಳನ್ನು ಸಂಗ್ರಹಿಸುವ ಕೆಲಸಕ್ಕೂ ಕೈಹಾಕಬೇಕು. ಆಕೆ ಈ ವಿಷಯದ ಮೇಲೆಯೇ ಸಂಶೋಧನೆ ಕೈಗೊಳ್ಳುವ ಯೋಚನೆಯಲ್ಲಿದ್ದಾರೆ.