ಕ್ಲಿಪ್ ಬಿಚ್ಚುವ ವಿದ್ಯೆ

ಹಲ್ಲಿಗೆ ಕ್ಲಿಪ್ ಅಂಟಿಸುವುದನ್ನು ದಂತವೈದ್ಯರು ಮೊದಲು ಕಲಿತರು. ಹಲ್ಲು ಕೆಡದಂತೆ ಅದನ್ನು ಬಿಚ್ಚುವುದು ಹೇಗೆಂದು ಅಳೆದು ನೋಡಲು ಮತ್ತೆ ಹಲವು ವರ್ಷಗಳೇ ಹಿಡಿದವು.

ಹಿಂದೆ ಒಂದೊಂದು ಹಲ್ಲಿಗೂ ಲೋಹದ ಪಟ್ಟಿ ಸುತ್ತಿ ಸಿಮೆಂಟಿನಿಂದ ಕೂರಿಸುತ್ತಿದ್ದರು. 1955ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ ಮೈಕಲ್ ಬ್ಯೂನೊಕೋರ್ ಹಲ್ಲಿನ ಹೊರಪದರವಾದ ಎನಾಮಲ್ ಮೇಲೆ ಫಾಸ್ಫಾರಿಕ್ ಆಮ್ಲ ಹಚ್ಚಿ, ಅದು ತರಿತರಿಯಾದರೆ ರಾಳ ಗಟ್ಟಿಯಾಗಿ ಹಿಡಿಯುತ್ತದೆಂದು ತೋರಿಸಿದರು. ಬಣ್ಣ ಬಳಿಯುವ ಮುನ್ನ ಲೋಹಕ್ಕೆ ಇದೇ ಆಮ್ಲ ಹಚ್ಚುವ ಕಾರ್ಖಾನೆಯ ರೂಢಿಯೇ ಅವರಿಗೆ ದಾರಿ ತೋರಿದ್ದು. 1965ರಲ್ಲಿ ಜಾರ್ಜ್ ನ್ಯೂಮನ್ ಎಪಾಕ್ಸಿ ಅಂಟಿನಿಂದ ಬ್ರಾಕೆಟ್‌ಗಳನ್ನು, ಅಂದರೆ ಕ್ಲಿಪ್ಪಿನ ಬಿಲ್ಲೆಗಳನ್ನು, ನೇರವಾಗಿ ಹಲ್ಲಿಗೇ ಅಂಟಿಸಿದರು. ಆಮೇಲೆ ಎಲ್ಲರ ಗಮನವೂ ಬಿಗಿಯ ಮೇಲೆಯೇ. ಆದರೆ ಎನಾಮಲ್‌ನಲ್ಲಿ ಜೀವಕೋಶಗಳಿಲ್ಲ. ಕಿತ್ತು ಹೋದದ್ದು ಮತ್ತೆ ಬೆಳೆಯುವುದಿಲ್ಲ.

1979ರಲ್ಲಿ ನಾರ್ವೆಯ ಜಾಕ್ರಿಸನ್ ಮತ್ತು ಓರ್ಟುನ್ ಬೇರೆಬೇರೆ ಸಲಕರಣೆಗಳಿಂದ ಅಂಟು ತೆಗೆದ ಹಲ್ಲುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟರು. ವಜ್ರದ ಬರ್ (ತಿರುಗುತ್ತಾ ಉಜ್ಜುವ ಮೊನೆ) ಆಳವಾದ ಗೀರು ಎಳೆದಿತ್ತು. ಕಡಿಮೆ ವೇಗದ ಟಂಗ್‌ಸ್ಟನ್ ಕಾರ್ಬೈಡ್ ಬರ್ ಎಲ್ಲಕ್ಕಿಂತ ವಾಸಿ. ಆದರೂ ಎನಾಮಲ್ ಅನ್ನು ಮೊದಲಿದ್ದಂತೆಯೇ ಉಳಿಸಿದ ಸಲಕರಣೆ ಒಂದೂ ಇರಲಿಲ್ಲ. ನನ್ನ ಮಟ್ಟಿಗೆ ಈ ಕ್ಷೇತ್ರದ ನಿಜವಾದ ಆರಂಭ ಇದೇ.

1984ರಲ್ಲಿ ಓರ್ಟುನ್ ಮತ್ತು ಬರ್ಗ್‌ಲಾಂಡ್ ಬ್ರಾಕೆಟ್ ಬಿಟ್ಟ ಮೇಲೆ ಹಲ್ಲಿನ ಮೇಲೆ ಎಷ್ಟು ಅಂಟು ಉಳಿಯಿತೆಂದು 0ಯಿಂದ 3ರವರೆಗೆ ಅಂಕ ಕೊಡುವ ಕ್ರಮ ತಂದರು. ಅವರು ಪರೀಕ್ಷಿಸುತ್ತಿದ್ದದ್ದು ಆಮ್ಲಕ್ಕೆ ಬದಲಾಗಿ ಎನಾಮಲ್ ಮೇಲೆ ಹರಳು ಬೆಳೆಸುವ ವಿಧಾನವನ್ನು. ಅದು ಮೂಲೆಗೆ ಸರಿಯಿತು, ಅಂಕ ಮಾತ್ರ ಇಂದಿಗೂ ಚಾಲ್ತಿಯಲ್ಲಿದೆ. ಅಂಟೆಲ್ಲ ಹಲ್ಲಿನ ಮೇಲೆಯೇ ಉಳಿದರೆ 3. ನೋಡಲು ಕೊಳಕು, ಆದರೆ ಇಕ್ಕಳದ ಎಳೆತ ಎನಾಮಲ್‌ಗೆ ತಾಗಲಿಲ್ಲವೆಂದು ಅರ್ಥ. ಅಪಾಯ ಹೋಗಲಿಲ್ಲ, ಇಕ್ಕಳದಿಂದ ಬರ್‌ಗೆ ದಾಟಿತು, ಅಷ್ಟೆ.

ಅಷ್ಟರಲ್ಲಿ ಹಲ್ಲಿನ ಬಣ್ಣದ ಸೆರಾಮಿಕ್ ಬ್ರಾಕೆಟ್ ಬಂತು. ಲೋಹದ್ದು ಇಕ್ಕಳ ಒತ್ತಿದರೆ ಬಾಗಿ ಸುಲಿದು ಬರುತ್ತದೆ, ಸೆರಾಮಿಕ್ ಬಾಗುವುದಿಲ್ಲ. ಸಿಲೇನ್ ಎಂಬ ಬೆಸೆಯುವ ರಾಸಾಯನಿಕ ಹಚ್ಚಿದ ತಳವಂತೂ ಅಂಟಿಗೆ ಎಷ್ಟು ಬಿಗಿಯಾಗಿ ಕಚ್ಚಿತೆಂದರೆ, ಕೆಲವೊಮ್ಮೆ ಎನಾಮಲ್ ಚೂರೇ ಕಿತ್ತು ಬಂತು. ತಯಾರಕರು ತಳದ ವಿನ್ಯಾಸ ಬದಲಿಸಿದರು. ಬಿಸಿಯಿಂದ, ಲೇಸರ್‌ನಿಂದ ಅಂಟು ಮೆತ್ತಗಾಗಿಸುವ ಪ್ರಯತ್ನಗಳೂ ನಡೆದವು. ಅಲ್ಲಿ ಹಲ್ಲಿನೊಳಗಿನ ಜೀವತಿರುಳಿನ ಭಯ: 5.5 ಡಿಗ್ರಿ ಸೆಲ್ಸಿಯಸ್ ಏರಿದರೆ ಅದಕ್ಕೆ ಹಾನಿಯಾಗಬಹುದೆಂದು 1965ರಲ್ಲೇ ಕೋತಿಗಳ ಮೇಲಿನ ಪ್ರಯೋಗ ತೋರಿಸಿತ್ತು.

ಈಗಿನ ತಲೆನೋವು ಕಣ್ಣಿನದು. ಅಂಟಿನ ಬಣ್ಣವೂ ಹಲ್ಲಿನದೇ. ಒದ್ದೆಯಾದರೆ ಎಲ್ಲಿ ಅಂಟು ಮುಗಿದು ಎಲ್ಲಿ ಎನಾಮಲ್ ಶುರುವಾಯಿತೆಂದು ತಿಳಿಯದು. ಗಾಳಿ ಊದಿ ಒಣಗಿಸಿದಾಗ ಮಾತ್ರ ಮಂಕಾದ ತೇಪೆ ಕಾಣುತ್ತದೆ. ನೇರಳಾತೀತ ಬೆಳಕಿಗೆ ಹೊಳೆಯುವ ಅಂಟು, ಎನಾಮಲ್‌ಗಿಂತ ಮೆದುವಾದ ನಾರುಮಿಶ್ರಿತ ಬರ್ ಬಂದಿರುವುದು ಇದಕ್ಕೇ. ನಾರಿನ ಬರ್ ನಿಧಾನ. ಸರದಿಯಲ್ಲಿ ಹತ್ತು ಜನ ಕೂತಿರುವ ಕ್ಲಿನಿಕ್ಕಿನಲ್ಲಿ ಕೈ ಇನ್ನೂ ಕಾರ್ಬೈಡ್‌ನತ್ತಲೇ ಹೋಗುತ್ತದೆ.