ಛಾಯೆಯೂ ನಿಜಸ್ವರೂಪವೂ: ಹುಬ್ಬಳ್ಳಿಯ ಕಾಲಜ್ಞಾನ ಪ್ರಸಂಗದಿಂದ ಒಂದು ಪಾಠ

ಹಳೆಯ ಒಡಂಬಡಿಕೆಯ ವ್ಯಕ್ತಿ, ಘಟನೆ, ಆಚರಣೆಗಳನ್ನು ಕ್ರಿಸ್ತನ ಮುಂಗುರುತುಗಳೆಂದು ಓದುವ ಕ್ರಮವು ಸಭೆಯಷ್ಟೇ ಪ್ರಾಚೀನವಾದುದು. ಯಾವುದು ದೇವರಿಟ್ಟ ಮುಂಗುರುತು, ಯಾವುದು ಓದುಗನ ಕಲ್ಪನೆ ಎಂಬ ಪ್ರಶ್ನೆಯೂ ಅಷ್ಟೇ ಪ್ರಾಚೀನ. ಇದರ ಚರ್ಚೆಯನ್ನು ಅಂತಿಯೋಕ್ಯ ಮತ್ತು ಅಲೆಕ್ಸಾಂದ್ರಿಯಗಳ ಪಂಥಗಳಿಂದ ಆರಂಭಿಸುವುದು ನಮ್ಮ ವಾಡಿಕೆ. ಆದರೆ ಇಂದು ಗೋಕುಲ ರಸ್ತೆಯ ಮೂಲಕ ವಿಮಾನ ನಿಲ್ದಾಣಕ್ಕೆ ಜನ ಧಾವಿಸುವ ಇದೇ ಹುಬ್ಬಳ್ಳಿಯಲ್ಲಿ, ಸುಮಾರು ನೂರ ಎಂಬತ್ತು ವರ್ಷಗಳ ಹಿಂದೆ, ಈ ಪ್ರಶ್ನೆಯು ಗ್ರಂಥಗಳಲ್ಲಲ್ಲ, ಜನರ ಬದುಕಿನಲ್ಲಿಯೇ ಎದುರಾಯಿತು.

ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದಿತು. ಹುಬ್ಬಳ್ಳಿಯ ಕೇಂದ್ರವಿನ್ನೂ ಬೇರೂರುತ್ತಿದ್ದಾಗಲೇ ಕಾಲಜ್ಞಾನವನ್ನು ನಂಬಿದ ಕೆಲವರು ಮಿಶನರಿಗಳನ್ನು ಸಂಧಿಸಿದರು. ತಮ್ಮ ಗ್ರಂಥಗಳು ಮುಂತಿಳಿಸಿದ ಹೊಸ ಬೋಧಕರು ಇವರೇ ಎಂದು ಅವರಿಗೆ ತೋರಿತು. ಹೆರ್ಮನ್ ಮೋಗ್ಲಿಂಗರೂ ಅವರ ಸಂಗಡಿಗರೂ ಹಿಗ್ಗಿದರು; ಜನಸಮೂಹವೇ ಸಭೆಯನ್ನು ಸೇರುವ ದಿನವು ಹತ್ತಿರವಾಯಿತೆಂದು ಭಾವಿಸಿದರು. 1841ರಲ್ಲಿ ಗದಗಿನ ಬಳಿಯ ಮಲಸಮುದ್ರದಲ್ಲಿ ಒಂದು ಕೃಷಿ ವಸಾಹತು ಹುಟ್ಟಿದ್ದು ಈ ನಿರೀಕ್ಷೆಯ ಹವೆಯಲ್ಲಿಯೇ. ಆದರೆ ನಿರೀಕ್ಷಿಸಿದ ಸಮೂಹವು ಬರಲಿಲ್ಲ.

ಇಲ್ಲಿ ಕಾಲಜ್ಞಾನಿಗಳನ್ನು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ಅವರು ತಮ್ಮ ಪರಂಪರೆಗೆ ಪ್ರಾಮಾಣಿಕರಾಗಿ ಒಂದು ವಾಗ್ದಾನದ ನೆರವೇರಿಕೆಯನ್ನು ಹುಡುಕುತ್ತಿದ್ದರು. ನಾವು ಪರೀಕ್ಷಿಸಬೇಕಾದುದು ಮಿಶನರಿಗಳ ಓದನ್ನು. ನೆರೆಯವರ ಗ್ರಂಥದಲ್ಲಿ ಅವರು ಕ್ರಿಸ್ತನ ಗುರುತನ್ನು ಕಂಡರೋ, ತಮ್ಮ ಕಾರ್ಯದ ಜಯವನ್ನು ಕಂಡರೋ? ಗುರುತು ಯಾರ ಕಡೆಗೆ ಕೈತೋರುತ್ತದೆ ಎಂಬುದರಲ್ಲಿಯೇ ವ್ಯಾಖ್ಯಾನದ ಸತ್ಯಾಸತ್ಯತೆ ಅಡಗಿದೆ.

ರೋಮಾಪುರದವರಿಗೆ ಬರೆದ ಪತ್ರಿಕೆಯ 5:14ರಲ್ಲಿ ಅಪೊಸ್ತಲನು ಆದಾಮನನ್ನು ಬರಲಿದ್ದವನ 'ತುಪೊಸ್' ಎಂದು ಕರೆಯುತ್ತಾನೆ. ಈ ಗ್ರೀಕ್ ಪದದ ಮೂಲಾರ್ಥ ಹೊಡೆತದಿಂದ ಮೂಡಿದ ಗುರುತು, ಅಚ್ಚು. ಅಚ್ಚೊತ್ತಿದ ಗುರುತಿಗೆ ಒತ್ತಿದ ವಸ್ತುವೊಂದು ಇರಲೇಬೇಕು. ಅದು ನೋಡುವವನ ಕಣ್ಣಿನಲ್ಲಿ ಹುಟ್ಟುವುದಿಲ್ಲ. ಕಾಲಜ್ಞಾನವು ಮುಂದಾಗುವುದನ್ನು ಮಾತಿನಲ್ಲಿ ಹೇಳುತ್ತದೆ. ಮುಂಗುರುತಾದರೋ ಮೊದಲು ತಾನೇ ಒಂದು ಘಟನೆ. ಐಗುಪ್ತದಿಂದ ಹೊರಟ ಇಸ್ರಾಯೇಲ್ಯರಿಗೆ ಪಸ್ಕದ ಕುರಿಮರಿಯು ಬರಿಯ ಸಂಕೇತವಾಗಿರಲಿಲ್ಲ. ಅದು ಅವರ ಚೊಚ್ಚಲ ಮಕ್ಕಳ ಪ್ರಾಣದ ಸಂಗತಿಯಾಗಿತ್ತು. ಆ ರಾತ್ರಿಯ ಬಿಡುಗಡೆಯು ನಿಜವಾಗಿದ್ದುದರಿಂದಲೇ ಅದು ಶಿಲುಬೆಯ ಬಿಡುಗಡೆಗೆ ಮುಂಗುರುತಾಯಿತು.

ಎಲ್ಲೆಯನ್ನು ಎಲ್ಲಿ ಎಳೆಯಬೇಕು? ರಾಹಾಬಳ ಕಿಟಕಿಯ ಕೆಂಪು ದಾರದಲ್ಲಿ ಕರ್ತನ ರಕ್ತದ ಸೂಚನೆಯನ್ನು ರೋಮಾಪುರದ ಕ್ಲೆಮೆಂತನು ಮೊದಲನೆಯ ಶತಮಾನದ ಕೊನೆಯಲ್ಲಿಯೇ ಕಂಡನು. ಹೊಸ ಒಡಂಬಡಿಕೆಯು ರಾಹಾಬಳ ನಂಬಿಕೆಯನ್ನು ಹೊಗಳುತ್ತದೆ, ದಾರದ ಬಣ್ಣವನ್ನು ಪ್ರಸ್ತಾಪಿಸುವುದಿಲ್ಲ. ಇಂಗ್ಲೆಂಡಿನ ಬಿಷಪ್ ಹರ್ಬರ್ಟ್ ಮಾರ್ಷ್ ಹೊಸ ಒಡಂಬಡಿಕೆಯು ಹೆಸರಿಸಿದವನ್ನು ಮಾತ್ರ ಮುಂಗುರುತುಗಳೆಂದು ಒಪ್ಪಿದರು. ಮಲಸಮುದ್ರದ ವಸಾಹತು ಆರಂಭವಾದ ದಶಕದಲ್ಲಿಯೇ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಫೇರ್‌ಬೇರ್ನರು ಈ ನಿಯಮವನ್ನು ಸಡಿಲಿಸಿದರು: ಹೆಸರಿಸಿದ ನಿದರ್ಶನಗಳು ದಾರಿ ತೋರಿಸುವ ಮಾದರಿಗಳೇ ಹೊರತು ಪಟ್ಟಿಯ ಕೊನೆಯಲ್ಲ. ಹಾಗಾದರೂ ಹೊರಗಿನ ಹೋಲಿಕೆಯೊಂದೇ ಸಾಲದು; ಎರಡು ಘಟನೆಗಳಲ್ಲಿಯೂ ದೇವರ ರಕ್ಷಣಾಕಾರ್ಯದ ಒಂದೇ ತತ್ತ್ವವಿರಬೇಕು, ಎರಡನೆಯದು ಮೊದಲನೆಯದನ್ನು ಮೀರಿರಬೇಕು.

ನೆರೆಯವರ ಧರ್ಮದತ್ತ ತಿರುಗಿದಾಗ ಈ ಎಚ್ಚರಿಕೆಯು ಇಮ್ಮಡಿಯಾಗಬೇಕು. 1853ರಲ್ಲಿ ಭಾರತಕ್ಕೆ ಬಂದು ಧಾರವಾಡ ಪ್ರಾಂತದಲ್ಲಿ ದುಡಿದ ಫರ್ಡಿನಾಂಡ್ ಕಿಟೆಲರು 1872ರಲ್ಲಿ 'ಯಜ್ಞಸುಧಾನಿಧಿ'ಯನ್ನು ಪ್ರಕಟಿಸಿ, ಯಜ್ಞವೆಂಬ ವಿಷಯವನ್ನೇ ಕ್ರೈಸ್ತ ಸಾಕ್ಷಿಗೆ ಎತ್ತಿಕೊಂಡರು. ಮೂರು ವರ್ಷಗಳ ತರುವಾಯ ಬಂಗಾಳದ ಕೃಷ್ಣಮೋಹನ ಬ್ಯಾನರ್ಜಿಯವರು ವೇದದ ಪ್ರಜಾಪತಿಯ ಆತ್ಮಬಲಿಯು ಕ್ರಿಸ್ತನಲ್ಲಿ ನೆರವೇರಿತೆಂದು ವಾದಿಸಿದರು. ಇಂಥ ಓದು ಸಂಭಾಷಣೆಗೆ ಬಾಗಿಲನ್ನು ತೆರೆಯುತ್ತದೆ. ಆದರೆ ಯಜ್ಞಕ್ಕೆ ವೈದಿಕ ಪರಂಪರೆಯಲ್ಲಿ ಅದರದೇ ಅರ್ಥವಿದೆ. ಅದನ್ನು ಅಳಿಸಿ ನಮ್ಮ ಅರ್ಥವನ್ನು ಬರೆದರೆ ಅದು ಸಾಕ್ಷಿಯಾಗದು. ಇದನ್ನು ಹೋಲಿಕೆಯೆಂದು ಕರೆಯೋಣ. ಸತ್ಯವೇದವೇ ಸ್ಥಾಪಿಸಿದ ಮುಂಗುರುತಿನ ಸ್ಥಾನವನ್ನು ಇದಕ್ಕೆ ಕೊಡದಿರೋಣ. ಇಸ್ರಾಯೇಲಿನ ವಿಷಯದಲ್ಲಿಯೂ ನಾವು ಈ ತಪ್ಪನ್ನು ಮಾಡಿದ್ದೇವೆ: ಛಾಯೆಯೆಂದು ಹೇಳುತ್ತ, ಆ ಜನಾಂಗದ ಜೀವಂತ ನಂಬಿಕೆಯನ್ನೇ ಬರಿಯ ನೆರಳೆಂದು ತಾತ್ಸಾರ ಮಾಡಿದ್ದೇವೆ.

ಆದ್ದರಿಂದ ಪೀಠವನ್ನೇರುವ ಮುನ್ನ ಬೋಧಕನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಈ ಘಟನೆಯು ಅದರ ಮೊದಲ ಸಾಕ್ಷಿಗಳಿಗೆ ಏನಾಗಿತ್ತು? ಅಪೊಸ್ತಲರ ಓದಿನ ಜಾಡಿನಲ್ಲಿ ನಾನಿದ್ದೇನೆಯೇ? ಕೊನೆಗೆ, ಇದು ಕ್ರಿಸ್ತನನ್ನು ತೋರಿಸುತ್ತದೆಯೋ, ನನ್ನ ಸಭೆಯ, ನನ್ನ ಯೋಜನೆಯ ಯಶಸ್ಸನ್ನೋ? ಮಲಸಮುದ್ರದ ನಿರಾಶೆಯು ಮೂರನೆಯ ಪ್ರಶ್ನೆಯನ್ನು ನಮಗಾಗಿ ಉಳಿಸಿದೆ.

ಯೋಹಾನ 20:25ರಲ್ಲಿ ತೋಮನು ಕೇಳಿದ ಮೊಳೆಗಳ ಗುರುತಿಗೂ ಇದೇ 'ತುಪೊಸ್' ಎಂಬ ಪದವಿದೆ. ಎಲ್ಲ ಮುಂಗುರುತುಗಳನ್ನು ಅಳೆಯಬೇಕಾದ ಗುರುತು ಅದು. ಅದು ಜಯಘೋಷದ ಮುದ್ರೆಯಲ್ಲ, ಗಾಯದ ಕಲೆ. ಆ ಕೈಗಳ ಕಡೆಗೆ ನಮ್ಮನ್ನು ನಡೆಸದ ಯಾವ ವ್ಯಾಖ್ಯಾನವೂ, ಎಷ್ಟೇ ಸೊಗಸಾಗಿದ್ದರೂ, ನಿಜಸ್ವರೂಪವನ್ನು ತಲುಪಿಲ್ಲ.